ಯಂತ್ರ ನಮ್ಮದು, ಬೀಗದ ಕೈ ಯಾರದು?

ನಮ್ಮ ಪಟ್ಟಣದ ಕೆಲವು ವರ್ತಕ ಮಿತ್ರರು ತಮ್ಮ ಸರಕಿನ ಪಟ್ಟಿಯನ್ನೂ ದರಗಳನ್ನೂ ಸ್ವಂತ ವೆಬ್‌ಸೈಟಿನಲ್ಲಿ ಹಾಕಲು ಹೊರಟಿದ್ದಾರೆ. ಗಿರಣಿ ಕಾರ್ಮಿಕರ ಪತ್ತಿನ ಸಂಘದವರಿಗೂ ಅದೇ ಯೋಚನೆ. ಅದಕ್ಕೆ ಸರ್ವರ್ ಬೇಕು. ಸರ್ವರಿಗೆ ಆಪರೇಟಿಂಗ್ ಸಿಸ್ಟಂ ಬೇಕು. ಯಾವುದನ್ನು ಆರಿಸಬೇಕೆಂದು ಅವರು ನಮ್ಮನ್ನು ಕೇಳಿದ್ದಾರೆ. ಇದು ಯಂತ್ರ ಬಲ್ಲವರ ವಿಷಯ, ನಮಗೇಕೆ ಎಂದು ಕೈಕಟ್ಟಿ ಕೂರುವುದು ಸರಿಯಲ್ಲ. ಹಣ ಕೊಡುವವರು ನಾವು. ಕೆಟ್ಟರೆ ನಷ್ಟವೂ ನಮ್ಮದೇ.

ಆಪರೇಟಿಂಗ್ ಸಿಸ್ಟಂ ಎಂದರೇನು? ಗಿರಣಿಯಲ್ಲಿ ಯಾರಿಗೆ ಯಾವ ಮಗ್ಗ, ಯಾರಿಗೆ ಎಷ್ಟು ನೂಲು ಎಂದು ಹಂಚುವ ಜಾಬರನನ್ನು ನೆನೆಯಿರಿ. ಯಂತ್ರದೊಳಗೆ ಇದರದೂ ಅದೇ ಕೆಲಸ. ಗಿರಾಕಿ ಕೇಳಿದ ಪುಟವನ್ನು ಕಳಿಸುವುದು ಬೇರೊಂದು ಪ್ರೋಗ್ರಾಂ. ಅದಕ್ಕೆ ಜಾಗವನ್ನೂ ವೇಳೆಯನ್ನೂ ಕೊಡುವುದು, ಯಾರು ಯಾವ ಕಡತವನ್ನು ಮುಟ್ಟಬಹುದೆಂದು ಕಾಯುವುದು ಈ ಜಾಬರನ ಹೊಣೆ.

ಈಗ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಸರ್ವರ್. ಯಂತ್ರದಲ್ಲಿರುವ ಕೋರುಗಳನ್ನೆಣಿಸಿ, ಕಡಿಮೆಯೆಂದರೂ ಒಂದು ಯಂತ್ರಕ್ಕೆ 16 ಎಂದು ಹಿಡಿದು, ಪರವಾನಗಿಯ ಹಣ ಕಟ್ಟಬೇಕು. ಅದರ ದುರಸ್ತಿಗಳು ಸಾಮಾನ್ಯವಾಗಿ ಹತ್ತು ವರ್ಷ ಬರುತ್ತವೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದರ ಒಳಗುಟ್ಟು ಕಂಪನಿಯ ವಶದಲ್ಲಿದೆ. ಇನ್ನೊಂದು, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್. ಅದರ ಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು.

ಹಾಗಾದರೆ ಪುಕ್ಕಟೆ ಸಿಕ್ಕಿದ ಯಾವುದಾದರೂ ಆದೀತೇ? ಇಲ್ಲಿಯೇ ಎಚ್ಚರ ಬೇಕು. ಸೆಂಟ್‌ಓಎಸ್ ಎಂಬ ಲಿನಕ್ಸನ್ನು ಲೋಕದ ತುಂಬ ಬಡಸಂಸ್ಥೆಗಳೂ ದೊಡ್ಡ ಸಂಸ್ಥೆಗಳೂ ನಂಬಿದ್ದವು. 2014ರಲ್ಲಿ ಅದು ರೆಡ್ ಹ್ಯಾಟ್ ಕಂಪನಿಯ ಆಸರೆಗೆ ಹೋಯಿತು. 2019ರಲ್ಲಿ ಐಬಿಎಂ ಆ ಕಂಪನಿಯನ್ನೇ 3,400 ಕೋಟಿ ಡಾಲರಿಗೆ ಕೊಂಡಿತು. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ದುರಸ್ತಿ ಸಿಗುವುದೆಂದು ಜನ ನಂಬಿ ಕೂತಿದ್ದರು. 2020ರ ಡಿಸೆಂಬರಿನಲ್ಲಿ ಪ್ರಕಟಣೆ ಬಂತು: 2021ರ ಕೊನೆಗೇ ಮುಕ್ತಾಯ! ಎಂಟು ವರ್ಷದ ಭರವಸೆ ಒಂದು ವರ್ಷಕ್ಕಿಳಿಯಿತು. ಬಳಸುವವರನ್ನು ಕೇಳಿದವರು ಯಾರು? ಗೇಣಿಯಿಲ್ಲದೆ ಉಳುತ್ತಿದ್ದರೂ ಒಡೆಯ ಎಬ್ಬಿಸಿದಾಗ ಏಳಬೇಕಾಯಿತು.

ಆದರೂ ಅವರು ಬೀದಿಪಾಲಾಗಲಿಲ್ಲ. ಬರಹ ತೆರೆದಿದ್ದುದರಿಂದ 2021ರಲ್ಲಿಯೇ ಬೇರೆ ಜನ ಅದೇ ಮಾದರಿಯಲ್ಲಿ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಎಂಬ ಎರಡನ್ನು ಕಟ್ಟಿ ನಿಲ್ಲಿಸಿದರು. ಪಾಠ ಸ್ಪಷ್ಟವಾಗಿದೆ. ಬೆಲೆಯೆಷ್ಟು ಎಂಬುದು ಎರಡನೆಯ ಪ್ರಶ್ನೆ. ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಮೊದಲನೆಯದು.

ಆದುದರಿಂದ ನಮ್ಮ ಒಲವು ಡೆಬಿಯನ್ ಕಡೆಗೆ. 1993ರಲ್ಲಿ ಹುಟ್ಟಿದ ಈ ಲಿನಕ್ಸಿಗೆ ಯಾವ ಕಂಪನಿಯೂ ಒಡೆಯನಲ್ಲ. ದುಡಿಯುವ ಸದಸ್ಯರೇ ವರ್ಷಕ್ಕೊಮ್ಮೆ ಮತ ಹಾಕಿ ನಾಯಕನನ್ನು ಆರಿಸುತ್ತಾರೆ. 1997ರಲ್ಲಿ ತಮ್ಮ ಕರಾರನ್ನು ಬರೆದು ಲೋಕದ ಮುಂದಿಟ್ಟಿದ್ದಾರೆ. ಒಂದೊಂದು ಆವೃತ್ತಿಗೆ ಮೂರು ವರ್ಷ, ಅದರ ಮೇಲೆ ಇನ್ನೆರಡು ವರ್ಷ ರಕ್ಷಣೆಯ ದುರಸ್ತಿಗಳು ದೊರೆಯುತ್ತವೆ.

ಕಲಿಯುವುದು ಕಷ್ಟವೆಂದು ಕೆಲವರು ಹೇಳುತ್ತಾರೆ. ನಿಜ, ಕಷ್ಟವೇ. ವಿಂಡೋಸಿನಲ್ಲಿ ಮಾತ್ರ ನಡೆಯುವ ಲೆಕ್ಕದ ಪ್ರೋಗ್ರಾಮನ್ನು ಸರ್ವರಿನಲ್ಲಿ ಇಡಲೇಬೇಕಾದವರು ಅದನ್ನೇ ಕೊಳ್ಳಲಿ. ಹಟಕ್ಕಾಗಿ ವ್ಯಾಪಾರ ಕೆಡಿಸಿಕೊಳ್ಳಬೇಡಿ. ಉಳಿದವರು ಪರವಾನಗಿಗೆ ಕಟ್ಟುವ ಹಣದಲ್ಲಿ ನಮ್ಮೂರಿನ ಇಬ್ಬರು ಹುಡುಗರಿಗೆ ಕಲಿಸಲಿ. ಒಬ್ಬನೇ ಕಲಿತರೆ ಅವನೇ ಹೊಸ ಒಡೆಯನಾದಾನು!

ಕೊನೆಯದಾಗಿ ಮೂರು ಮಾತು. ದುರಸ್ತಿಗಳನ್ನು ತಪ್ಪದೆ ಹಾಕಿಸಿ. ಲೆಕ್ಕಪತ್ರಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಸರ್ವರಿನ ಪಾಸ್‌ವರ್ಡ್ ಏಜೆಂಟನ ಜೇಬಿನಲ್ಲಿ ಬೇಡ. ಮೊಹರು ಮಾಡಿದ ಲಕೋಟೆಯಲ್ಲಿ ಸಂಘದ ತಿಜೋರಿಯಲ್ಲಿರಲಿ. ಬೀಗದ ಕೈ ನಮ್ಮಲ್ಲಿದ್ದರೆ ಮಾತ್ರ ಮನೆ ನಮ್ಮದು.