ಹಜಾರದ ಕುಂಡದಲ್ಲಿ ಕಲ್ಪವೃಕ್ಷ

ಪೂಜೆಗೆ ಇಟ್ಟ ಕಲಶದ ಕಾಯಿ ಮೊಳೆತರೆ ಮನೆಗೆ ಶುಭವೆಂಬ ನಂಬಿಕೆ ನಮ್ಮಲ್ಲಿ ಹಳೆಯದು. ಹಾಗೆ ಮೊಳೆತ ಕಾಯಿಯನ್ನು ಒಡೆದು ಚಟ್ನಿಗೆ ಹಾಕಲು ಯಾರಿಗೂ ಮನಸ್ಸು ಬಾರದು. ಮನೆಗೊಂದು ಹಿತ್ತಲಿದ್ದ ಕಾಲದಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಗುಂಡಿ ತೋಡಿ ನೆಟ್ಟರೆ ಮುಗಿಯಿತು. ಏಳೆಂಟು ವರ್ಷಕ್ಕೆ ಅದೇ ಮರದ ಕಾಯಿ ಕಲಶಕ್ಕೆ ಒದಗುತ್ತಿತ್ತು. ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿ ಅದೇ ಕಾಯಿ ಈಗ ಪಿಂಗಾಣಿ ಕುಂಡವೇರಿ ಟಿ.ವಿ. ಪಕ್ಕದಲ್ಲಿ ನಿಲ್ಲುತ್ತಿದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ನನಗೊಂದು ಸಣ್ಣ ತೆಂಗಿನ ತೋಟವಿದೆ. ಹೊರಗಿನವರು ನಮ್ಮೂರಿಗೆ ಬರುವುದು ಸಾಮಾನ್ಯವಾಗಿ ಉತ್ಖನನದಲ್ಲಿ ಬೆಳಕಿಗೆ ಬಂದ ಬೌದ್ಧ ನೆಲೆಯನ್ನು, ಅಲ್ಲಿ ದೊರೆತ ಪುಟ್ಟ ಮಣ್ಣಿನ ಸ್ತೂಪಗಳ ಕಥೆಯನ್ನು ಅರಸಿ. ನನ್ನನ್ನು ಹುಡುಕಿಕೊಂಡು ಬರುವವರ ಕೈಯಲ್ಲಿ ಮಾತ್ರ ಒಣಗುತ್ತಿರುವ ತೆಂಗಿನ ಸಸಿ ಇರುತ್ತದೆ. ಯಲಹಂಕದಲ್ಲಿರುವ ನನ್ನ ತಂಗಿಯ ಮಗಳು ಕಳೆದ ಬೇಸಿಗೆಯಲ್ಲಿ ಫೋನು ಮಾಡಿ, ‘ಮಾವ, ಎಲೆ ತುದಿಯೆಲ್ಲ ಕಂದಿಹೋಗಿದೆ, ನೀರು ಜಾಸ್ತಿಯಾಯಿತೋ ಕಡಿಮೆಯಾಯಿತೋ ತಿಳಿಯುತ್ತಿಲ್ಲ’ ಎಂದಳು. ಎಷ್ಟು ನೀರು ಎಂಬುದಕ್ಕಿಂತ ಎಲ್ಲಿ ಇಟ್ಟಿದ್ದಾರೆ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ. ಅದು ಸೋಫಾ ಪಕ್ಕದಲ್ಲಿತ್ತು.

ತೆಂಗು ಸಮುದ್ರತೀರದ ಬಿಸಿಲಿಗೆ ಒಗ್ಗಿದ ಮರ. ಅಂಗಡಿಗಳಲ್ಲಿ ಸಿಗುವ ಪಾರ್ಲರ್ ಪಾಮ್ ಮೆಕ್ಸಿಕೊ, ಗ್ವಾಟೆಮಾಲ ಕಾಡುಗಳ ನೆರಳಿನಲ್ಲಿ ಬೆಳೆಯುವ ಗಿಡ. ಮನೆಯೊಳಗಿನ ಮಬ್ಬು ಅದಕ್ಕೆ ಪರಿಚಿತವೇ. ತೆಂಗಿಗೆ ಹಾಗಲ್ಲ. ಕಿಟಕಿಯಿಂದ ಒಂದೆರಡು ಮೀಟರ್ ಒಳಗೆ ಬಂದರೆ ನಮ್ಮ ಕಣ್ಣಿಗೆ ಬೆಳಕಾಗಿಯೇ ಕಂಡರೂ ಹೊರಗಿನ ಬಿಸಿಲಿನ ಹತ್ತರಲ್ಲೊಂದು ಪಾಲೂ ಅಲ್ಲಿರುವುದಿಲ್ಲ. ಹಾಗಿದ್ದೂ ಸಸಿ ಮೊದಲ ವರ್ಷ ಹಸಿರಾಗಿಯೇ ಇರುತ್ತದೆ. ಮೋಸ ಹೋಗುವುದು ಇಲ್ಲಿಯೇ. ಮೊಳಕೆ ಒಡೆದ ಕಾಯಿಯೊಳಗೆ ಸ್ಪಂಜಿನಂಥ ಸಿಹಿ ಉಂಡೆಯೊಂದು ಬೆಳೆಯುತ್ತದೆ. ಬೆಂಗಳೂರಿನ ತಳ್ಳುಗಾಡಿಗಳಲ್ಲಿ ‘ತೆಂಗಿನ ಹೂವು’ ಎಂದು ಮಾರುವುದು ಅದನ್ನೇ. ಅದು ಕೊಬ್ಬರಿಯನ್ನು ಕರಗಿಸಿ ಹೀರಿ ಸಸಿಗೆ ಉಣಿಸುತ್ತದೆ. ಅಂದರೆ ಹಜಾರದಲ್ಲಿ ಸಸಿ ಬದುಕಿರುವುದು ನಮ್ಮ ಆರೈಕೆಯಿಂದಲ್ಲ, ತಾಯಿಮರ ಕಟ್ಟಿಕೊಟ್ಟ ಬುತ್ತಿಯಿಂದ. ಬುತ್ತಿ ತೀರಿದ ಮೇಲೆ ಅದು ಎಲೆಗಳಿಂದಲೇ ಅನ್ನ ಮಾಡಿಕೊಳ್ಳಬೇಕು. ಬಿಸಿಲಿಲ್ಲದೆ ಅದು ಸಾಧ್ಯವಿಲ್ಲ. ಎರಡನೆಯ ವರ್ಷದಲ್ಲಿ ಗಿಡ ಸೊರಗಿದಾಗ ಗೃಹಿಣಿ ತನ್ನ ಕೈಗುಣವನ್ನು ಹಳಿದುಕೊಳ್ಳುತ್ತಾಳೆ.

ಯುರೋಪಿನ ಅಂಗಡಿಗಳಲ್ಲಿಯೂ ಮೊಳೆತ ತೆಂಗಿನಕಾಯಿಯನ್ನು ಕುಂಡದಲ್ಲಿಟ್ಟು ಒಳಾಂಗಣ ಗಿಡವೆಂದು ಮಾರುತ್ತಾರೆ. ಹಿಮ ಬೀಳುವ ಊರಿನವರಿಗೆ ಬೇರೆ ದಾರಿಯಿಲ್ಲ. ಅವರ ಪಾಲಿಗೆ ಅದು ಬಾಳಿಕೆ ಹೆಚ್ಚಿರುವ ಹೂಗುಚ್ಛವಿದ್ದಂತೆ. ತೆಂಗು ಬೆಳೆಯುವ ನಾಡಿನ ನಮಗೆ ಆ ಅನಿವಾರ್ಯವೇನೂ ಇಲ್ಲ.

ಇಷ್ಟಾಗಿಯೂ ಮೊಳೆತ ಕಾಯಿಯನ್ನು ಎಸೆಯಲಾಗದವರು ಅದನ್ನು ಒಂದೆರಡು ವರ್ಷದ ಅತಿಥಿಯಂತೆ ನೋಡಿಕೊಳ್ಳಬಹುದು. ಕಲಶದ ಕಾಯಿ ಜುಟ್ಟೊಂದನ್ನು ಬಿಟ್ಟು ಸಿಪ್ಪೆ ಸುಲಿದದ್ದಾದ್ದರಿಂದ ಬೇಗ ಒಣಗುತ್ತದೆ. ಒಂದೂವರೆ ಅಡಿ ಆಳದ, ತಳದಲ್ಲಿ ತೂತುಗಳಿರುವ ಕುಂಡ ಬೇಕು. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಕಾಯಿಯ ಮೇಲ್ಭಾಗ ಕಾಣುವಂತೆ ಹೂಳಬೇಕು. ದಕ್ಷಿಣದ ಅಥವಾ ಪಶ್ಚಿಮದ ಬಾಲ್ಕನಿಯಲ್ಲಿ, ಕೆಲವು ದಿನ ಅರೆನೆರಳಿನಲ್ಲಿಟ್ಟು ಅನಂತರ ಬಿಸಿಲಿಗೆ ಬಿಡಬೇಕು. ಮಣ್ಣಿನ ತೇವ ಆರಬಾರದು. ಹಾಗೆಂದು ತಟ್ಟೆಯಲ್ಲಿ ನೀರು ನಿಲ್ಲಲೂ ಬಾರದು. ಹವಾನಿಯಂತ್ರಕದ ಒಣಗಾಳಿ ಇದಕ್ಕೆ ಆಗದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಮಾಗಿಯ ಚಳಿಗೆ ಬೆಳವಣಿಗೆ ಕುಂಟುತ್ತದೆ. ಅದಕ್ಕೆ ಹೆದರಿ ಗೊಬ್ಬರ ಸುರಿಯಬೇಕಾಗಿಲ್ಲ. ಮೊದಲ ಎಲೆಗಳು ಸೀಳದೆ ಅಗಲವಾಗಿಯೇ ಇರುತ್ತವೆ. ‘ಇದು ತೆಂಗಲ್ಲ’ ಎಂದು ಯಾರೂ ಸಂಶಯಪಡುವುದು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಸುಳಿಗೆ ಕತ್ತರಿ ತಾಗಿಸಬಾರದು. ಆಲವನ್ನೋ ಅರಳಿಯನ್ನೋ ಕತ್ತರಿಸಿ ಕುಬ್ಜವಾಗಿ ಉಳಿಸಿಕೊಳ್ಳಬಹುದು. ತೆಂಗಿಗೆ ಇರುವುದು ಒಂದೇ ಸುಳಿ, ಅದು ಹೋದರೆ ಗಿಡವೇ ಹೋಯಿತು.

ಆಮೇಲೇನು? ತಜ್ಞರು ನೆಡುವುದಕ್ಕೆ ಶಿಫಾರಸು ಮಾಡುವುದು 9ರಿಂದ 12 ತಿಂಗಳ, ಆರು ಎಲೆಗಳಾದರೂ ಇರುವ, ಬುಡದ ಸುತ್ತಳತೆ 10 ಸೆಂಟಿಮೀಟರ್ ಮುಟ್ಟಿದ ಸಸಿಯನ್ನು. ಕುಂಡದಲ್ಲಿ ಅದಕ್ಕಿಂತ ಹೆಚ್ಚು ಕಾಲ ಉಳಿದಷ್ಟೂ ಬೇರಿಗೆ ಇಕ್ಕಟ್ಟು. ಆಗ ನಗರದ ಬಂಧುಗಳಿಗೆ ಹಳ್ಳಿಯ ನೆನಪಾಗುತ್ತದೆ: ‘ನಿಮ್ಮ ತೋಟದಲ್ಲಿ ಒಂದು ಮೂಲೆಯಲ್ಲಿ ಇದ್ದುಕೊಳ್ಳಲಿ ಬಿಡಿ.’ ಮೂಲೆ ಇದೆ, ನೀರಿಲ್ಲ. ಅರ್ಕಾವತಿ ಹರಿಯುವ ತಾಲ್ಲೂಕು ನಮ್ಮದು ಎಂದು ಹೇಳಿಕೊಳ್ಳಲು ಈಗ ಸಂಕೋಚವಾಗುತ್ತದೆ. ಕೊಳವೆ ಬಾವಿಗಳು ಪಾತಾಳಕ್ಕಿಳಿದಿವೆ. ಫಲ ಬಿಡುವ ತೆಂಗಿಗೆ ಹನಿ ನೀರಾವರಿಯಲ್ಲಿಯೂ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 40 ಲೀಟರ್ ಬೇಕು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಲೆಕ್ಕ ಹಾಕಿರುವುದು 55 ಲೀಟರ್. ಪ್ರೀತಿಯಿಂದ ಕಳುಹಿಸುವ ಪ್ರತಿ ಸಸಿಯ ಹಿಂದೆ ಈ ಲೆಕ್ಕವೂ ಬರುತ್ತದೆ. ಅದನ್ನು ತೀರಿಸುವವನು ಕಳುಹಿಸಿದವನಲ್ಲ.

ಹಾಗಾದರೆ ಆ ಸಸಿಗೆ ಜಾಗವೆಲ್ಲಿ? ಉತ್ತರ ನಮ್ಮ ಹಿರಿಯರ ಬಚ್ಚಲ ಮೂಲೆಯಲ್ಲಿದೆ. ಹಿತ್ತಲಿನ ತೆಂಗಿಗೆ ಯಾರೂ ಕುಡಿಯುವ ನೀರು ಹೊತ್ತು ಹಾಕಿದವರಲ್ಲ. ಮಿಂದು ಚೆಲ್ಲಿದ ನೀರಿನಲ್ಲಿಯೇ ಅದು ಬೆಳೆಯಿತು. ಇಂದಿನ ದೊಡ್ಡ ವಸತಿ ಸಮುಚ್ಚಯಗಳಲ್ಲಿ ಬಚ್ಚಲ ನೀರು ಮಾಯವಾಗಿಲ್ಲ, ನೆಲಮಾಳಿಗೆಯ ಶುದ್ಧೀಕರಣ ಘಟಕಕ್ಕೆ ಹೋಗುತ್ತಿದೆ. ಅಲ್ಲಿಂದ ಹೊರಬಂದ ನೀರನ್ನು ಶೌಚಾಲಯಗಳಿಗೂ ಹುಲ್ಲುಹಾಸಿಗೂ ಬಳಸಿ, ಉಳಿದದ್ದನ್ನು ಏನು ಮಾಡುವುದೆಂದು ನಿವಾಸಿಗಳ ಸಂಘಗಳು ತಲೆ ಕೆಡಿಸಿಕೊಳ್ಳುತ್ತವೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ ಏರಿ ಹೋಗುವಾಗ, ಸಮುಚ್ಚಯದ ನೀರು ಅದೇ ಸಮುಚ್ಚಯದ ಕಾಂಪೌಂಡಿನಲ್ಲಿ ಹತ್ತು ತೆಂಗು ಸಾಕಲಾರದೇ? ಪ್ರವೇಶದ್ವಾರದ ಇಕ್ಕೆಲಗಳಲ್ಲಿ ಸಾಲಾಗಿ ನೆಟ್ಟ, ನಮ್ಮ ಯಾವ ಉಪಯೋಗಕ್ಕೂ ಬಾರದ ವಿದೇಶಿ ಪಾಮ್‌ಗಳೂ ನೀರು ಕುಡಿದೇ ಬದುಕಿವೆಯಲ್ಲ!

ಕಾಯಿ ತಲೆಯ ಮೇಲೆ ಬಿದ್ದರೆ, ಗರಿ ಕಾರಿನ ಗಾಜು ಒಡೆದರೆ ಎಂಬ ಆಕ್ಷೇಪ ತಕ್ಷಣ ಬರುತ್ತದೆ. ನ್ಯಾಯವಾದ ಆಕ್ಷೇಪವೇ. ಮರ ಹತ್ತುವವರು ನಮ್ಮ ಹಳ್ಳಿಯಲ್ಲಿಯೂ ಸಿಗುತ್ತಿಲ್ಲವೆಂದ ಮೇಲೆ ನಗರದ ಮಾತೇನು? ಆದ್ದರಿಂದ ಓಡಾಟದ ದಾರಿ ಬಿಟ್ಟು, ಬಿಸಿಲು ಬೀಳುವ ಮೂಲೆಯಲ್ಲಿ ನೆಡಬೇಕು; ಹೊಸದಾಗಿ ಸಸಿ ತರುವವರು ಗಿಡ್ಡ ತಳಿಯನ್ನು ಆರಿಸಬೇಕು. ಚೌಘಾಟ್ ಕೇಸರಿ ಗಿಡ್ಡ ತಳಿ ಮೂರು–ನಾಲ್ಕು ವರ್ಷಕ್ಕೇ ಹೊಂಬಾಳೆ ಬಿಡುತ್ತದೆ. ಹಲವು ವರ್ಷ ನೆಲದ ಮೇಲೆ ನಿಂತೇ ಎಳನೀರು ಕೊಯ್ಯಬಹುದು. ಕಲಶದ ಕಾಯಿಯ ಜಾತಕ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ತಿಪಟೂರು, ಅರಸೀಕೆರೆ ಕಡೆಯ ಎತ್ತರದ ತಳಿಯಾದ್ದರಿಂದ ಅದು ಆರೇಳು ವರ್ಷ ಕಾಯಿಸಿ, ಅರವತ್ತು ವರ್ಷ ಬಾಳುತ್ತದೆಂದೇ ಭಾವಿಸಿ ಸುತ್ತ 25 ಅಡಿ ಜಾಗ ಬಿಡಬೇಕು.

ಇನ್ನೊಂದು ಮಾತು, ಸ್ವಲ್ಪ ಕಹಿಯಾದದ್ದು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಕಡಿಯಲು ಅನುಮತಿ ಬೇಡವೆಂದು ವಿನಾಯಿತಿ ನೀಡಿರುವ ಮರಗಳಲ್ಲಿ ತೆಂಗೂ ಒಂದು. ರೋಗ ಬಿದ್ದ ಮರವನ್ನು, ಮುದಿಯಾದ ಮರವನ್ನು ತೆಗೆದು ಹೊಸದು ನೆಡುವ ರೈತನಿಗೆ ಕಚೇರಿ ಅಲೆಸಬಾರದೆಂಬುದು ಸರಿಯೇ. ಆದರೆ ತೋಟ ಭೂಪರಿವರ್ತನೆಯಾಗಿ ಬಡಾವಣೆಯಾಗುವಾಗಲೂ ಅದೇ ವಿನಾಯಿತಿ ಏಕೆ? ರೈತನ ಅನುಕೂಲಕ್ಕೆ ಮಾಡಿದ ನಿಯಮದ ಲಾಭ ಜೆಸಿಬಿಗೆ ಸಿಗುತ್ತಿದೆ. ನಮ್ಮ ತಾಲ್ಲೂಕಿನಲ್ಲಿ ಫಲ ತುಂಬಿದ ಸಾಲುಗಳು ಒಂದು ಬೆಳಗಿನಲ್ಲಿ ಉರುಳುವುದನ್ನು ಕಂಡಿದ್ದೇನೆ. ಆಮೇಲೆ ಅಲ್ಲಿ ಮನೆ ಕಟ್ಟಿಕೊಂಡವರು ಗೃಹಪ್ರವೇಶದ ಕಲಶದ ಕಾಯಿ ಮೊಳೆಯಿತೆಂದು ಹಿಗ್ಗಿ, ಕುಂಡ ಹುಡುಕುತ್ತಾರೆ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವಾಗಲೇ ಉದ್ಯಾನಕ್ಕೂ ರಸ್ತೆಯಂಚಿಗೂ ಬರುವ ತೆಂಗಿನ ಮರಗಳನ್ನು ಗುರುತು ಹಾಕಿ ಉಳಿಸಿಕೊಳ್ಳಬೇಕೆಂಬ ಷರತ್ತು ವಿಧಿಸಲು ಹೊಸ ಕಾಯ್ದೆಯೇನೂ ಬೇಕಾಗದು.

ತಂಗಿಯ ಮಗಳ ಸಸಿಯ ಸುಳಿ ಇನ್ನೂ ಹಸಿರಾಗಿದೆ. ಬಾಲ್ಕನಿಗೆ ಬಂದ ಮೇಲೆ ಎರಡು ಹೊಸ ಎಲೆ ಬಿಟ್ಟಿದೆಯಂತೆ. ಅವರ ಸಮುಚ್ಚಯದ ಸಂಘದ ಸಭೆಗೆ ಜಾಗ ಕೇಳಿ ಅರ್ಜಿ ಬರೆದುಕೊಡಲು ಹೇಳಿದ್ದೇನೆ. ಮೂರಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೇ ತಿಂಗಳಿನಲ್ಲೇ ತೋಡಿ ಬಿಸಿಲು ಕಾಣಿಸಿದರೆ, ಮುಂಗಾರಿನ ಮೊದಲ ಮಳೆಗೆ ನೆಡಬಹುದು.