ಎರಡು ಬಾಯ್ಲರಿನ ನೀರು ನೋಡುವವರು ಯಾರು?

ಹೋದ ವರ್ಷ ನಮ್ಮ ಮಹಿಳಾ ಸಂಘದ ಸದಸ್ಯೆಯರು ಒಂದು ಡೇರಿ ನೋಡಲು ಹೋಗಿದ್ದೆವು. ಬೆಳಿಗ್ಗೆ ಹಾಲು ಹಾಕಿ, ಮನೆಯವರಿಗೆ ರೊಟ್ಟಿ ಬಡಿದಿಟ್ಟು ಬಸ್ಸು ಹತ್ತಿದ್ದು. ಪ್ರಯೋಗಾಲಯ ತೋರಿಸಿದರು, ಪ್ಯಾಕೆಟ್ ತುಂಬುವ ಯಂತ್ರ ತೋರಿಸಿದರು, ತುಪ್ಪದ ವಿಭಾಗದ ಮುಂದೆ ನಿಲ್ಲಿಸಿ ಫೋಟೊ ತೆಗೆದರು, ಕೊನೆಗೆ ತಲಾ ಒಂದು ಪೇಡ ಕೊಟ್ಟರು. ಪೇಡ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಿಂದುಗಡೆ ಹೊಗೆ ಕೊಳವೆ ಇದ್ದ ಶೆಡ್ಡೊಂದು ಕಂಡಿತು. ಅದೇನೆಂದು ಕೇಳಿದ್ದಕ್ಕೆ, "ಅದು ಬಾಯ್ಲರ್ ಮನೆ, ಅಲ್ಲಿ ನಿಮಗೆ ನೋಡುವಂಥದ್ದೇನಿಲ್ಲ" ಎಂದರು.

ನನಗೆ ನೋಡುವಂಥದ್ದು ಅಲ್ಲೇ ಇತ್ತು. ನನ್ನ ಅಕ್ಕನ ಗಂಡ ಬಾಯ್ಲರ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಅವರ ಮನೆಗೆ ಹೋದಾಗಲೆಲ್ಲ ಈ ಮಾತು ಕೇಳಿಯೇ ಬೆಳೆದವಳು ನಾನು.

ಕೂಡ್ಲಿಗಿಯಲ್ಲಿ ಕರೆದ ಹಾಲಾಗಲಿ, ಹಡಗಲಿಯಲ್ಲಿ ಕರೆದ ಹಾಲಾಗಲಿ, ತಣ್ಣಗಾಗಿ ಟ್ಯಾಂಕರಿನಲ್ಲಿ ಡೇರಿ ಸೇರಿದ ಮೇಲೆ ಪಾಶ್ಚರೀಕರಣಕ್ಕೆ ಹೋಗಬೇಕು. 72 ಡಿಗ್ರಿಯಲ್ಲಿ 15 ಸೆಕೆಂಡು. ಆ ಬಿಸಿ ಬರುವುದು ಬಾಯ್ಲರಿನ ಉಗಿಯಿಂದ. ಮೊಸರಿಗೆ, ತುಪ್ಪಕ್ಕೆ, ಪೇಡಕ್ಕೆ, ಕೊಳವೆ ಮತ್ತು ಟ್ಯಾಂಕು ತೊಳೆಯುವ ಬಿಸಿನೀರಿಗೆ, ಎಲ್ಲದಕ್ಕೂ ಅದೇ ಉಗಿ. ಬಾಯ್ಲರ್ ನಿಂತರೆ ಡೇರಿ ನಿಂತಂತೆ. ಅದಕ್ಕಾಗಿಯೇ ಎರಡು ಬಾಯ್ಲರ್ ಕೂಡಿಸುತ್ತಾರೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು.

ಆದರೆ ಜೋಡಿ ಇದ್ದಲ್ಲಿ ಜೋಡಿಯದೇ ಒಂದು ತಾಪತ್ರಯ. ಎರಡರ ಉಗಿಯೂ ಮೇಲೆ ಒಂದೇ ದಪ್ಪ ಕೊಳವೆಗೆ ಸೇರುತ್ತದೆ, ಕೆಳಗೆ ಎರಡಕ್ಕೂ ನೀರು ಒಂದೇ ತೊಟ್ಟಿಯಿಂದ. ಎರಡೂ ಉರಿಯುವಾಗ ಯಾವುದರ ಬೆಂಕಿ ಜೋರೋ ಅದರ ನೀರು ಬೇಗ ಇಳಿಯುತ್ತದೆ. ಒಂದೇ ಪಂಪಿನಿಂದ ಎರಡಕ್ಕೂ ನೀರು ಬಿಟ್ಟರೆ, ಒತ್ತಡ ಕಡಿಮೆ ಇರುವ ಬಾಯ್ಲರಿಗೇ ನೀರು ಹೆಚ್ಚು ನುಗ್ಗುತ್ತದೆ. ಬೇಕಾದದ್ದಕ್ಕೆ ಸಿಗುವುದಿಲ್ಲ, ಬೇಡವಾದದ್ದು ತುಂಬಿಕೊಳ್ಳುತ್ತದೆ. ಎರಡು ಎಮ್ಮೆಗೆ ಒಂದೇ ಮುಸುರೆ ಬಾನಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಉರಿದು ಇನ್ನೊಂದು ಸುಮ್ಮನಿದ್ದರೂ ನಿಶ್ಚಿಂತೆ ಇಲ್ಲ. ನಡುವಿನ ವಾಲ್ವ್ ಒಂಚೂರು ಸೋರಿದರೆ ಉರಿಯುವ ಬಾಯ್ಲರಿನ ಉಗಿ ತಣ್ಣಗಿರುವುದರೊಳಗೆ ನುಸುಳಿ ಅಲ್ಲಿ ನೀರಾಗಿ ಕೂಡುತ್ತದೆ. ಅದೂ ಅಲ್ಲದೆ, ಆರಿಸಿದ ಬಾಯ್ಲರ್ ತಣ್ಣಗಾದಂತೆ ಒಳಗಿನ ಉಗಿ ಕುಗ್ಗಿ ಎಳೆತ ಹುಟ್ಟುತ್ತದೆ. ಬಿಸಿ ಪಾತ್ರೆಗೆ ಮುಚ್ಚಳ ಬಿಗಿದು ತಣ್ಣಗಾಗಲು ಬಿಟ್ಟರೆ ತೆಗೆಯಲು ಬಾರದಂತೆ ಕಚ್ಚಿಕೊಳ್ಳುತ್ತದಲ್ಲ, ಅದೇ ಎಳೆತ. ನೀರಿನ ವಾಲ್ವ್ ಸರಿಯಾಗಿ ಕೂರದಿದ್ದರೆ ಆ ಎಳೆತಕ್ಕೆ ತೊಟ್ಟಿಯ ನೀರೆಲ್ಲ ಒಳಗೆ. ಬೆಳಿಗ್ಗೆ ನೋಡದೆ ಬೆಂಕಿ ಹಾಕಿದರೆ ಉಗಿಯ ಜೊತೆ ನೀರೂ ಕೊಳವೆಗೆ ಹಾರುತ್ತದೆ, ಕೊಳವೆಗಳು ಸುತ್ತಿಗೆಯಿಂದ ಬಡಿದಂತೆ ಬಡಿದುಕೊಳ್ಳುತ್ತವೆ, ಹಾಲಿಗೆ 72 ಡಿಗ್ರಿ ಸಿಗುವುದಿಲ್ಲ. ಬಿಸಿ ಸಾಲದ ಹಾಲನ್ನು ಯಂತ್ರವೇ ಹಿಂದಕ್ಕೆ ತಿರುಗಿಸುತ್ತದೆ, ಹಾಗಾಗಿ ಪ್ಯಾಕೆಟ್ಟಿಗೆ ಹೋಗುವುದಿಲ್ಲ. ಆದರೆ ಹೊರಗೆ ಟ್ಯಾಂಕರು ಕಾಯುತ್ತವೆ, ಉರುವಲು ಸುಮ್ಮನೆ ಉರಿಯುತ್ತದೆ. ಆ ಖರ್ಚು ಕೊನೆಗೆ ಹಾಲಿನ ಲೆಕ್ಕದಲ್ಲೇ ಬರುತ್ತದೆ.

ನೀರು ಹೆಚ್ಚಾದರೆ ಇಷ್ಟು. ಕಡಿಮೆಯಾದರೆ ಮಾತೇ ಬೇರೆ.

ಒಳಗಿನ ಬೆಂಕಿ ಕೊಳವೆಯ ಮೇಲೆ ಸದಾ ನೀರು ನಿಂತಿರಬೇಕು. ನೀರು ಇಳಿದು ಕಬ್ಬಿಣ ಬರಿದಾದರೆ ಅದು ಕೆಂಪಗೆ ಕಾದು ಮೆತ್ತಗಾಗುತ್ತದೆ. 10 ಕೆ.ಜಿ. ಒತ್ತಡದಲ್ಲಿ ಬಾಯ್ಲರಿನ ನೀರು 180 ಡಿಗ್ರಿಗೂ ಮೇಲೆ ಕಾದಿರುತ್ತದೆ. ಕಬ್ಬಿಣ ಹರಿದರೆ ಅದರಲ್ಲಿ ಒಂದು ಭಾಗ ಕ್ಷಣದಲ್ಲಿ ಉಗಿಯಾಗುತ್ತದೆ, ನೀರು ಉಗಿಯಾದರೆ ಹಿಡಿಯುವ ಜಾಗ 1,600 ಪಟ್ಟಿಗೂ ಹೆಚ್ಚು. ಗಾಜಿನಲ್ಲಿ ನೀರು ಕಾಣದಿದ್ದಾಗ ಗಾಬರಿಯಿಂದ ಪಂಪು ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕಾದ ಹಂಚಿನ ಮೇಲೆ ತಣ್ಣೀರು ಸುರಿದಂತೆ ಅದು. ಮೊದಲು ಬೆಂಕಿ ನಿಲ್ಲಿಸಬೇಕು, ಆರಲು ಬಿಡಬೇಕು. ನಮ್ಮ ಕುಕ್ಕರಿನ ಮುಚ್ಚಳದಲ್ಲಿ ಕರಗುವ ಸೇಫ್ಟಿ ವಾಲ್ವ್ ಇರುವಂತೆ ಕೆಲವು ಬಾಯ್ಲರಿನಲ್ಲೂ ಕರಗುವ ಪ್ಲಗ್ ಇರುತ್ತದೆ. ಅದು ಕರಗುವತನಕ ಯಾರೂ ನೋಡಲಿಲ್ಲ ಎಂದರೆ ನಾಚಿಕೆಯ ಮಾತು.

1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆಯೇ ಈ ದೇಶದಲ್ಲಿ ಮೊದಲ ಬಾಯ್ಲರ್ ಕಾನೂನು ಬಂದದ್ದು, 1864ರಲ್ಲಿ, ಬಂಗಾಳಕ್ಕೆ. ಇಡೀ ದೇಶಕ್ಕೆ ಒಂದೇ ಕಾನೂನಾದದ್ದು 1923ರಲ್ಲಿ. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಸಭೆಗಳಲ್ಲಿ ನಮ್ಮವರೇ ಒಂದು ಮಾತು ಆಡುತ್ತಾರೆ: "ಈಗೆಲ್ಲ ಆಟೋಮ್ಯಾಟಿಕ್, ಬಾಯ್ಲರ್ ಮನೆಯಲ್ಲಿ ಅಷ್ಟು ಜನ ಯಾಕೆ? ಅದೇ ದುಡ್ಡು ಲೀಟರಿಗೆ ಹತ್ತು ಪೈಸೆ ಹೆಚ್ಚಿಗೆ ಕೊಡಲಿ." ಹತ್ತು ಪೈಸೆ ನನಗೂ ಬೇಕು. ಹಿಂಡಿಯ ಬೆಲೆ ನನಗೂ ಗೊತ್ತು. ಆದರೆ ಈ ಹತ್ತು ಪೈಸೆ ಬೇಡ ಎನ್ನುತ್ತೇನೆ. ನೀರು ಇಳಿದರೆ ತಾನೇ ಬೆಂಕಿ ಆರಿಸುವ ಫ್ಲೋಟ್ ಬಾಯ್ಲರಿಗೆ ಇರುತ್ತದೆ, ನಿಜ. ನಮ್ಮ ಮನೆಯ ಬೋರಿಗೂ ಆಟೋ ಸ್ಟಾರ್ಟರ್ ಇತ್ತು, ನೀರಿಲ್ಲದೆ ಓಡಿ ಮೋಟಾರು ಸುಟ್ಟಿತು. ರಾಡಿ ಕೂತರೆ ಫ್ಲೋಟ್ ಅಂಟಿಕೊಳ್ಳುತ್ತದೆ. ನಮ್ಮ ಆರೂ ತಾಲ್ಲೂಕುಗಳಲ್ಲಿ ಸವುಳು ನೀರಿನ ಬೋರುಗಳಿಗೇನು ಬರವಿಲ್ಲ, ಸ್ನಾನದ ಹಂಡೆಯ ಒಳಗೆ ಕೈಯಾಡಿಸಿ ನೋಡಿ, ಸುಣ್ಣದ ಹಕ್ಕಳೆ ಸಿಗುತ್ತದೆ. ಅಂಥ ನೀರನ್ನು ಸಾಫ್ಟನರ್‌ನಲ್ಲಿ ಮೆದು ಮಾಡದೆ ಬಾಯ್ಲರಿಗೆ ಬಿಟ್ಟರೆ ಫ್ಲೋಟೂ ಕಚ್ಚುತ್ತದೆ, ಗಾಜಿನ ದಾರಿಯೂ ಮುಚ್ಚುತ್ತದೆ. ಸಾಫ್ಟನರ್‌ಗೆ ಹೊತ್ತಿಗೆ ಸರಿಯಾಗಿ ಉಪ್ಪು ಹಾಕುವುದೂ ಒಬ್ಬ ಮನುಷ್ಯನ ಕೆಲಸವೇ.

ಗಾಜು ಕೂಡ ಮೋಸ ಮಾಡುತ್ತದೆ. ಭಾವ ಹೇಳುತ್ತಿದ್ದರು: "ನೋಡವಾ, ಗಾಜಿನ್ಯಾಗಿನ ನೀರು ಒಂಚೂರಾದ್ರೂ ಅಲ್ಲಾಡ್ತಿರಬೇಕು. ಕಲ್ಲಿನಂಗ ನಿಂತೈತಿ ಅಂದ್ರ ಅದು ಸುಳ್ಳು ಹೇಳಾಕತ್ತೈತಿ." ಅದಕ್ಕೆ ಪ್ರತಿ ಪಾಳಿಯಲ್ಲೂ ಗಾಜಿನ ಕೆಳಗಿನ ನಲ್ಲಿ ಬಿಟ್ಟು, ನೀರು ಇಳಿದು ಮತ್ತೆ ಏರುತ್ತದೋ ಎಂದು ನೋಡುತ್ತಿದ್ದರಂತೆ. ಇನ್ನೊಂದು ಮೋಸ ನಮಗೆಲ್ಲ ಗೊತ್ತಿರುವುದೇ. ಉಕ್ಕುವ ಹಾಲು ಪಾತ್ರೆ ತುಂಬಿದಂತೆ ಕಾಣುತ್ತದೆ, ಉರಿ ತಗ್ಗಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಡೇರಿಯಲ್ಲಿ ಒಮ್ಮೆಲೇ ಉಗಿ ಎಳೆದಾಗ ಬಾಯ್ಲರಿನ ನೀರೂ ಹಾಗೇ ಗುಳ್ಳೆ ಎದ್ದು ಮೇಲೆ ಬಂದಂತೆ ತೋರುತ್ತದೆ. ನೀರು ಸಾಕಷ್ಟಿದೆ ಎಂದು ಪಂಪು ನಿಲ್ಲಿಸಿದರೆ ಕೆಟ್ಟೆವು. ಎರಡು ಬಾಯ್ಲರ್ ಇದ್ದಾಗ ಒಂದು ಉಕ್ಕಿ ತೋರಿಸುತ್ತದೆ, ಇನ್ನೊಂದು ಕುಗ್ಗಿ ತೋರಿಸುತ್ತದೆ. ಒಂದನ್ನು ನೋಡಿ ಇನ್ನೊಂದರದ್ದೂ ಹಾಗೇ ಇದ್ದೀತು ಎಂದು ಪುಸ್ತಕದಲ್ಲಿ ಬರೆಯುವುದು, ಒಂದು ಹಸುವಿನ ಕೆಚ್ಚಲು ನೋಡಿ ಪಕ್ಕದ ಹಸುವಿಗೂ ಬಾವಿಲ್ಲ ಅಂದಂತೆ.

ವಾರ್ಷಿಕ ಸಭೆಯಲ್ಲಿ ನಾವು ಕೇಳುವುದು ದರ, ಫ್ಯಾಟು, ಎಸ್‌ಎನ್‌ಎಫ್, ಬೋನಸ್ಸು. ಕೇಳಲೇಬೇಕು. ಅದರ ಜೊತೆ ಇದನ್ನೂ ಕೇಳೋಣ: ರಾತ್ರಿ ಪಾಳಿಯಲ್ಲಿ ಬಾಯ್ಲರ್ ಮನೆಯಲ್ಲಿ ಪ್ರಮಾಣಪತ್ರ ಇರುವ ಆಪರೇಟರ್ ಇದ್ದಾರೆಯೇ, ಅಥವಾ ಬೇರೆ ಕೆಲಸದವರಿಗೆ ಒಂದು ಕಣ್ಣಿಟ್ಟಿರು ಎಂದು ಹೇಳಲಾಗಿದೆಯೇ? ಲಾಗ್ ಪುಸ್ತಕದಲ್ಲಿ ಎರಡು ಬಾಯ್ಲರಿಗೂ ಬೇರೆ ಬೇರೆ ಪುಟ ಇದೆಯೇ? ಸುಮ್ಮನಿರುವ ಬಾಯ್ಲರಿನ ನೀರನ್ನೂ ಬರೆಯುತ್ತಾರೆಯೇ? ಹೆಂಗಸರಿಗೆ ಇದು ತಿಳಿಯುವುದಿಲ್ಲ ಎಂದು ಯಾರಾದರೂ ಅಂದರೆ ಇಡ್ಲಿ ಪಾತ್ರೆಯ ತಳಕ್ಕೆ ನಾಣ್ಯ ಹಾಕುವುದು ಯಾಕೆಂದು ಅವರನ್ನೇ ಕೇಳಿ. ಗಲಗಲ ಸದ್ದು ನಿಂತರೆ ನೀರು ಮುಗಿಯಿತೆಂದು ನಮಗೆ ಯಾವ ಪ್ರಮಾಣಪತ್ರವೂ ಇಲ್ಲದೆ ಗೊತ್ತು.

ಮುಂದಿನ ಸಲ ಡೇರಿಗೆ ಹೋದಾಗ ಮೊದಲು ಬಾಯ್ಲರ್ ಮನೆ, ಆಮೇಲೆ ಪೇಡ ಎಂದು ನಮ್ಮ ಸಂಘದಲ್ಲಿ ಠರಾವು ಬರೆಸಿದ್ದೇವೆ. ಬಸ್ಸಿನ ದಿನ ಇನ್ನೂ ಗೊತ್ತಾಗಿಲ್ಲ. ಭಾವನೂ ಬರುತ್ತೇನೆಂದಿದ್ದಾರೆ.