ಎರಡು ಪಾರಿವಾಳಗಳ ಲೆಕ್ಕ

ಆಗಮನ ಕಾಲದ ಎರಡನೆಯ ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಇಬ್ಬರು ಮಕ್ಕಳ ತಾಯಿ, ಜನ ಚದುರುವವರೆಗೆ ಕಾದಿದ್ದು ಹತ್ತಿರ ಬಂದಳು. “ಮಾಸ್ತರ್ರ, ಹ್ವಾದ ವರ್ಷ ಹಬ್ಬಕ್ಕ ನನ್ನ ತಮ್ಮ ಬೆಂಗಳೂರಿಂದ ಬರೂಮುಂದ ಮಕ್ಕಳಿಗೆ ಅರಿವಿ, ನನಗೊಂದು ಸೀರಿ, ನಮ್ಮನಿಯವರಿಗೆ ಕೈಗಡಿಯಾರ ತಂದಿದ್ದ. ಆರು ಸಾವಿರದ ಮ್ಯಾಲೇ ಆಗಿರಬೇಕು. ಈ ವರ್ಷ ನಾನೂ ಅಷ್ಟರದು ಕೊಡಬೇಕಲ್ರೀ? ಸಂಘದಾಗ ಹತ್ತು ಸಾವಿರ ಸಾಲ ಎತ್ತಬೇಕಂತ ಮಾಡೀನಿ. ನೀವೇನಂತೀರಿ?” ಎಂದು ಕೇಳಿದಳು. ಆಕೆಯ ಗಂಡ ಗೌಂಡಿ ಕೆಲಸದವನು. ಕೆಲಸವಿದ್ದ ದಿನ ಕೂಲಿ. ಇಲ್ಲದ ದಿನ ಏನೂ ಇಲ್ಲ.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. “ಸಾಲ ಮಾತ್ರ ಎತ್ತಬೇಡವ್ವಾ, ಮೊದಲು ತಮ್ಮನ ಸಂಗಾಟ ಮಾತಾಡು” ಎಂದಷ್ಟೇ ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ಮನೆಯವರೆಗೂ ನನ್ನೊಡನೆ ಬಂದಿತು. ಗೋದಲಿ ಕಟ್ಟುವ ಬಗೆ, ಹಾಡುಗಳ ತಾಲೀಮು, ನಡುರಾತ್ರಿಯ ಪೂಜೆಯ ವೇಳೆ ಇವೆಲ್ಲದರ ಬಗ್ಗೆ ನಾವು ಸಭೆ ಸೇರಿ ಚರ್ಚಿಸುತ್ತೇವೆ. ಹಬ್ಬದ ಉಡುಗೊರೆಗೆ ಎಷ್ಟು ಖರ್ಚು ಮಾಡಬೇಕೆಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಪ್ರತಿಯೊಂದು ಮನೆಯೂ ಒಳಗೊಳಗೇ ಲೆಕ್ಕ ಹಾಕಿ, ಒಳಗೊಳಗೇ ಬೇಯುತ್ತದೆ.

ನಮ್ಮ ಭಾಗದಲ್ಲಿ ಮುಯ್ಯಿ ಎಂಬ ಪದ್ಧತಿಯಿದೆ. ಮದುವೆಯ ಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂರುತ್ತಾರೆ. ಯಾರು ಎಷ್ಟು ಓದಿಸಿದರೆಂಬುದು ಅದರಲ್ಲಿ ದಾಖಲಾಗುತ್ತದೆ. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನು, ಸಾಧ್ಯವಾದರೆ ಒಂದಿಷ್ಟು ಹೆಚ್ಚನ್ನು ಮರಳಿಸಬೇಕು. ಈ ಪದ್ಧತಿಯನ್ನು ನಾನು ಹಳಿಯಲಾರೆ. ಬಡವನ ಮನೆಯ ಮದುವೆಯನ್ನು ಇಡೀ ಊರು ಹೆಗಲು ಕೊಟ್ಟು ದಾಟಿಸುವ ಬಗೆ ಅದು, ಬಡ್ಡಿಯಿಲ್ಲದ ಉಳಿತಾಯ. ಫ್ರೆಂಚ್ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೌಸ್ ಅವರು ಕೊಡುಗೆಯ ಕುರಿತು 1925ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ಕೊಡುವುದು, ಸ್ವೀಕರಿಸುವುದು, ಮರಳಿಸುವುದು ಎಂಬ ಮೂರು ಕಟ್ಟುಪಾಡುಗಳು ಅನೇಕ ಸಮಾಜಗಳಲ್ಲಿ ಬೇರೂರಿವೆಯೆಂದು ತೋರಿಸಿದರು. ಮುಯ್ಯಿಯ ಪುಸ್ತಕವನ್ನು ಬಲ್ಲ ನಮಗೆ ಅದು ಹೊಸ ಸಂಗತಿಯೇನಲ್ಲ.

ಆದರೆ ಮದುವೆ ಒಂದು ಮನೆಗೆ ಎಂದೋ ಒಮ್ಮೆ ಬರುವಂಥದ್ದು. ಕ್ರಿಸ್ತಜಯಂತಿ ಎಲ್ಲರ ಮನೆಗೂ ವರ್ಷವರ್ಷವೂ ಬರುತ್ತದೆ. ಮುಯ್ಯಿಯ ಪುಸ್ತಕವನ್ನು ಗೋದಲಿಯ ಮುಂದೆ ತೆರೆದಿಟ್ಟರೆ ಅದರ ಲೆಕ್ಕ ಎಂದೂ ಮುಗಿಯುವುದಿಲ್ಲ. ಈ ವರ್ಷದ ಆರು ಸಾವಿರ ಬರುವ ವರ್ಷ ಏಳಾಗುತ್ತದೆ. ಪ್ರೀತಿಯ ಹೆಸರಿನಲ್ಲಿ ಒಬ್ಬರು ಇನ್ನೊಬ್ಬರ ಹೆಗಲಿಗೆ ಹೊರೆ ಏರಿಸುತ್ತ ಹೋಗುತ್ತೇವೆ.

ನಮ್ಮ ಜಿಲ್ಲೆಯ ಬದುಕನ್ನು ನೋಡೋಣ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಭತ್ತದ ಕೊಯ್ಲು ಮುಗಿದು ಕೈಯಲ್ಲಿ ಹಣವಾಡುವ ಕಾಲಕ್ಕೇ ಈ ಹಬ್ಬ ಬರುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ಇದೇ ಡಿಸೆಂಬರಿನಲ್ಲಿ ಗುಳೆ ಹೋಗುವ ಗಂಟು ಕಟ್ಟುತ್ತಾರೆ. 2023ರಲ್ಲಿ ಬರ ನಮ್ಮನ್ನು ಹಣ್ಣುಮಾಡಿತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ನೀರಾವರಿಯ ರೈತನೂ ನಿದ್ದೆಗೆಟ್ಟ. ಬೆಂಗಳೂರು, ಗೋವಾ, ಮಂಗಳೂರಿಗೆ ದುಡಿಯಲು ಹೋದ ಮಕ್ಕಳು ಹಬ್ಬಕ್ಕೆ ಬರಿಗೈಯಲ್ಲಿ ಬರಲಾರದೆ ಮೇಸ್ತ್ರಿಯಿಂದ ಮುಂಗಡ ಪಡೆಯುವುದುಂಟು. ಕಾಲುವೆಯ ನೀರು ಕುಡಿದವರಿಗೂ ಆಕಾಶವನ್ನು ನಂಬಿದವರಿಗೂ ಒಂದೇ ಅಳತೆಯ ಉಡುಗೊರೆ ಹೇಗೆ ಸಾಧ್ಯ? ಕಿರುಸಾಲದ ವಸೂಲಿಯಲ್ಲಿ ನಡೆಯುತ್ತಿದ್ದ ಬಲವಂತವನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ವಾರದ ಕಂತಿನ ದಿನ ಬಾಗಿಲು ಮುಚ್ಚಿ ಕೂರುವ ತಾಯಂದಿರು ನಮ್ಮ ನಡುವೆಯೂ ಇದ್ದಾರೆಂಬುದನ್ನು ಮರೆಯಬಾರದು.

ಇನ್ನು ಶುಭಸಂದೇಶ ಏನು ಹೇಳುತ್ತದೆಂಬುದನ್ನು ಗಮನಿಸೋಣ. ಉಡುಗೊರೆ ಎಂದೊಡನೆ ನಮಗೆ ನೆನಪಾಗುವುದು ಜ್ಞಾನಿಗಳು ತಂದ ಚಿನ್ನ, ಧೂಪ, ರಕ್ತಬೋಳ. ಆದರೆ ಸಂತ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಇನ್ನೊಂದು ಕಾಣಿಕೆಯ ಪ್ರಸ್ತಾಪವಿದೆ. ನಾವು ಅದನ್ನು ಓದಿ ಮುಂದೆ ಹೋಗಿಬಿಡುತ್ತೇವೆ. ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಲು ಹೋದಾಗ ಮರಿಯಮ್ಮನವರೂ ಜೋಸೆಫರೂ ಧರ್ಮಶಾಸ್ತ್ರದ ಪ್ರಕಾರ ಜೋಡಿ ಹಕ್ಕಿಗಳನ್ನು ಅರ್ಪಿಸಿದರು. ಯಾಜಕಕಾಂಡದ ನಿಯಮದಂತೆ ಹೆರಿಗೆಯಾದ ತಾಯಿ ಕುರಿಮರಿಯನ್ನು ತರಬೇಕು. ಅದಕ್ಕೆ ಶಕ್ತಿಯಿಲ್ಲದವಳು ಎರಡು ಬೆಳವಕ್ಕಿಗಳನ್ನೋ ಎರಡು ಪಾರಿವಾಳದ ಮರಿಗಳನ್ನೋ ತರಬಹುದು. ದೇವಕುಮಾರನ ತಂದೆತಾಯಿ ತಂದದ್ದು ಬಡವರ ಕಾಣಿಕೆಯನ್ನು.

ಜೋಸೆಫರು ಬಡಗಿ. ನಾಲ್ಕು ಜನರ ಮುಂದೆ ಮರ್ಯಾದೆ ಉಳಿಯಬೇಕೆಂದು ಅವರು ಸಾಲ ಮಾಡಿ ಕುರಿಮರಿಯನ್ನು ಕೊಳ್ಳಲಿಲ್ಲ. ತಮಗೆ ಎಟುಕುವುದನ್ನು ತಲೆಯೆತ್ತಿ ಅರ್ಪಿಸಿದರು. ಅದೇ ಕುಟುಂಬ ಜ್ಞಾನಿಗಳ ಚಿನ್ನವನ್ನೂ ಸ್ವೀಕರಿಸಿತು. ‘ಇಷ್ಟು ಕೊಟ್ಟಿದ್ದಾರೆ, ನಾವೇನು ಮರಳಿಸುವುದು?’ ಎಂದು ಆ ತಾಯಿತಂದೆ ಚಿಂತೆಗೆ ಬಿದ್ದರೆಂದು ಶುಭಸಂದೇಶದಲ್ಲಿ ಎಲ್ಲಿಯೂ ಇಲ್ಲ. ಬೇರೆ ದಾರಿ ಹಿಡಿದು ಸ್ವದೇಶಕ್ಕೆ ಮರಳಿದ ಜ್ಞಾನಿಗಳು ಮುಯ್ಯಿಯನ್ನು ನಿರೀಕ್ಷಿಸಿಯೂ ಇರಲಿಲ್ಲ. ನಾಚಿಕೆಯಿಲ್ಲದೆ ಕಡಿಮೆ ಕೊಡುವುದು, ಅಳುಕಿಲ್ಲದೆ ಹೆಚ್ಚನ್ನು ಸ್ವೀಕರಿಸುವುದು, ಇವೆರಡನ್ನೂ ಪವಿತ್ರ ಕುಟುಂಬ ನಮಗೆ ಕಲಿಸಿದೆ.

“ವರ್ಷಕ್ಕೊಮ್ಮೆ ಬರುವ ಹಬ್ಬ, ಮಕ್ಕಳ ಮುಖ ಬಾಡಿಸುವುದೇ?” ಎಂದು ಕೆಲವರು ಕೇಳಬಹುದು. ಮಾತು ಸರಿಯಾದುದೇ. ಜಿಪುಣತನವನ್ನು ಧರ್ಮವೆಂದು ಬೋಧಿಸುವುದು ನನ್ನ ಉದ್ದೇಶವಲ್ಲ. ಆದರೆ ಈ ವಿಷಯದಲ್ಲಿ ನಾನೇ ಪಾಠ ಕಲಿತವನು. ನೌಕರಿ ಸಿಕ್ಕ ಮೊದಲ ವರ್ಷ ಅಪ್ಪನಿಗೆಂದು ಉಣ್ಣೆಯ ಕೋಟನ್ನು ಅಂಗಡಿಯಲ್ಲಿ ಉದ್ರಿ ತಂದೆ. ಹಬ್ಬದ ಬೆಳಿಗ್ಗೆ ಕೊಟ್ಟಾಗ ಅಪ್ಪ ಮುಟ್ಟಿ ನೋಡಿ ಸಂತೋಷಪಟ್ಟರು. ಕಿಸೆಯಲ್ಲಿ ಉದ್ರಿಯ ಚೀಟಿ ಸಿಕ್ಕಿತು. ಏನೂ ಬೈಯಲಿಲ್ಲ. ಕೋಟನ್ನು ಮಡಿಚಿ ಟ್ರಂಕಿನಲ್ಲಿಟ್ಟು, “ಇದು ಇನ್ನೂ ಅಂಗಡಿಯವನದು. ನೀ ತೀರಿಸಿದ ಮ್ಯಾಲ ಹಾಕ್ಕೋತೀನಿ” ಎಂದರು. ಚಳಿಗಾಲವೆಲ್ಲ ಹಳೆಯ ಕಂಬಳಿಯನ್ನೇ ಹೊದ್ದರು. ಕೊನೆಯ ಕಂತು ಮುಟ್ಟಿದ್ದು ಪಾಸ್ಖ ಹಬ್ಬದ ಹಿಂದಿನ ವಾರ. ಕೊಪ್ಪಳದ ಏಪ್ರಿಲ್ ಬಿಸಿಲಿನಲ್ಲಿ ಅಪ್ಪ ಆ ಉಣ್ಣೆಯ ಕೋಟು ತೊಟ್ಟು ಪಾಸ್ಖದ ಪೂಜೆಗೆ ಬಂದರು. ಜನ ನಕ್ಕರು, ಅಪ್ಪನೂ ನಕ್ಕರು. ನನಗೆ ಮಾತ್ರ ಆ ಪಾಠ ಇಂದಿಗೂ ಮರೆತಿಲ್ಲ.

ಅರ್ಥಶಾಸ್ತ್ರಜ್ಞರೂ ಈ ವಿಷಯವನ್ನು ಬಿಟ್ಟಿಲ್ಲ. ಅಮೆರಿಕದ ಜೋಯೆಲ್ ವಾಲ್ಡ್‌ಫೋಗೆಲ್ ಅವರು ಯೇಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನು ವಿಚಾರಿಸಿ 1993ರಲ್ಲಿ ಒಂದು ಲೇಖನ ಪ್ರಕಟಿಸಿದರು. ಭಾವನೆಯ ಬೆಲೆಯನ್ನು ಬದಿಗಿಟ್ಟು ನೋಡಿದರೆ, ಕ್ರಿಸ್ಮಸ್ ಉಡುಗೊರೆಗೆ ಕೊಟ್ಟವರು ಸುರಿದ ಹಣದಲ್ಲಿ ಹತ್ತನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದಷ್ಟು ಪಡೆದವರ ಪಾಲಿಗೆ ವ್ಯರ್ಥವಾಗುತ್ತದೆಂದು ಅವರ ಅಂದಾಜು. ದೂರದ ಬಂಧುಗಳು ಕೊಟ್ಟದ್ದರಲ್ಲಿ ನಷ್ಟ ಹೆಚ್ಚು. ಗೆಳೆಯರು ಕೊಟ್ಟದ್ದರಲ್ಲಿ ಕಡಿಮೆ. ಕಾರಣ ಸರಳ. ನಮ್ಮ ಬೇಕುಬೇಡಗಳನ್ನು ಬಲ್ಲವನು ತಂದದ್ದು ಉಪಯೋಗಕ್ಕೆ ಬರುತ್ತದೆ. ಲೆಕ್ಕ ತೀರಿಸಲು ತಂದದ್ದು ಟ್ರಂಕಿನ ತಳ ಸೇರುತ್ತದೆ. ಅಳತೆ ತಪ್ಪಿದ ಎಷ್ಟು ಅಂಗಿಗಳು ನಮ್ಮ ಮನೆಗಳಲ್ಲಿ ಗಳಿಗೆ ಮುರಿಯದೆ ಬಿದ್ದಿಲ್ಲ!

ಹಾಗಾದರೆ ಎಷ್ಟು ಖರ್ಚು ಮಾಡಬೇಕು? ಅನುಭವದಿಂದ ಕಂಡುಕೊಂಡ ಕೆಲವು ಮಾತುಗಳನ್ನು ಓದುಗ ಬಾಂಧವರ ಮುಂದಿಡುತ್ತೇನೆ.

ಮೊದಲನೆಯದು, ಹಣದ ಮೊತ್ತ ಮುಂಚೆ ನಿಶ್ಚಯವಾಗಲಿ, ಹೆಸರುಗಳ ಪಟ್ಟಿ ಆಮೇಲೆ ಬರಲಿ. ನಾವು ಇದನ್ನು ತಿರುವುಮುರುವಾಗಿ ಮಾಡುತ್ತೇವೆ. ಮಕ್ಕಳ ಫೀಜು, ಔಷಧಿ, ಸಾಲದ ಕಂತು ಇವೆಲ್ಲ ಕಳೆದು ಉಳಿದುದರಲ್ಲಿ ಎಷ್ಟು ಎಂಬುದನ್ನು ಮನೆಮಂದಿಯೆಲ್ಲ ಕುಳಿತು ತೀರ್ಮಾನಿಸಬೇಕು. ಮಕ್ಕಳನ್ನೂ ಕೂರಿಸಿಕೊಳ್ಳಿರಿ. ಮನೆಯ ಸ್ಥಿತಿ ತಿಳಿದ ಮಗು ಹಟ ಮಾಡುವುದು ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹಬ್ಬಕ್ಕೂ ಅನ್ವಯಿಸುತ್ತದೆ.

ಎರಡನೆಯದು, ಬಡ್ಡಿಯ ಹಣದಲ್ಲಿ ಉಡುಗೊರೆ ಬೇಡ. ಆಸ್ಪತ್ರೆಗೆ, ಬೀಜಕ್ಕೆ, ವಿದ್ಯೆಗೆ ಸಾಲ ಅನಿವಾರ್ಯವಾದೀತು. ಸೀರೆಗಾಗಿ ಮಾಡಿದ ಸಾಲ ಸೀರೆ ಹರಿದ ಮೇಲೂ ಉಳಿಯುತ್ತದೆ.

ಮೂರನೆಯದು ಉಳ್ಳವರಿಗೆ ಹೇಳುವ ಮಾತು. ಅಣ್ಣತಮ್ಮ ಅಕ್ಕತಂಗಿಯರಲ್ಲಿ ಯಾರ ಕೈ ಮೇಲಿದೆಯೋ ಅವರೇ ಮೊದಲು ಬಾಯಿತೆರೆಯಬೇಕು. “ಈ ವರ್ಷದಿಂದ ದೊಡ್ಡವರಿಗೆ ಬೇಡ, ಮಕ್ಕಳಿಗಷ್ಟೇ ಇರಲಿ” ಎಂದೋ “ಮನೆಗೊಂದೇ ವಸ್ತು ಸಾಕು” ಎಂದೋ ಬಡ ತಂಗಿ ಹೇಳಿದರೆ ಅದು ಅಸಹಾಯಕತೆಯೆನಿಸುತ್ತದೆ; ನೌಕರಿಯಲ್ಲಿರುವ ಅಣ್ಣ ಹೇಳಿದರೆ ಅದೇ ಔದಾರ್ಯವಾಗುತ್ತದೆ. ಕೊಡುವ ಮುನ್ನ ‘ಇದನ್ನು ಪಡೆದವರು ರಾತ್ರಿ ನಿಶ್ಚಿಂತೆಯಿಂದ ಮಲಗುವರೇ?’ ಎಂದು ಒಮ್ಮೆ ಕೇಳಿಕೊಳ್ಳುವುದು ಲೇಸು. ನಮ್ಮ ಹೆಣ್ಣುಮಕ್ಕಳ ಉಡಿ ತುಂಬುವ ಪದ್ಧತಿಯಲ್ಲಿ ಈ ವಿವೇಕವಿದೆ. ಒಂದು ಖಣ, ಒಂದು ತೆಂಗಿನಕಾಯಿ, ಬೊಗಸೆ ಅಕ್ಕಿ. ಬಡವಿಯೂ ತುಂಬಬಲ್ಲಳು, ಶ್ರೀಮಂತೆಯೂ ಅದನ್ನು ಹಗುರವೆನ್ನಲಾರಳು. ಖರ್ಚು ಮಾಡುವ ಶಕ್ತಿಯಿದ್ದವರು ಗುಳೇದಗುಡ್ಡದ ಖಣವನ್ನೋ ಇಳಕಲ್ಲಿನ ಸೀರೆಯನ್ನೋ ನಮ್ಮ ಕಿನ್ನಾಳದ ಚಿತ್ರಗಾರರು ಮಾಡಿದ ಮರದ ಬೊಂಬೆಯನ್ನೋ ಕೊಂಡರೆ, ಅದೇ ಹಣ ಇನ್ನೊಂದು ಮನೆಯ ಒಲೆಯನ್ನೂ ಉರಿಸುತ್ತದೆ.

ನಾಲ್ಕನೆಯದು ನೆರೆಹೊರೆಯವರ ವಿಷಯ. ದೀಪಾವಳಿಗೆ, ರಂಜಾನಿಗೆ ನಮ್ಮ ಮನೆಗೆ ತಟ್ಟೆ ಬಂದಿರುತ್ತದೆ. ನೆರೆಮನೆಯ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂಬುದು ನಮ್ಮ ಹಿರಿಯರ ಶಿಷ್ಟಾಚಾರ. ಕರ್ಚಿಕಾಯಿ, ಶೇಂಗಾ ಹೋಳಿಗೆ, ಒಂದು ತುಂಡು ಕೇಕು ಸಾಕು. ಕರಾವಳಿಯಿಂದ ಬಂದು ನಮ್ಮಲ್ಲಿ ನೆಲೆಸಿದ ಕುಟುಂಬಗಳು ಹಂಚುವ ಕುಸ್ವಾರಿನ ತಟ್ಟೆಯ ಹಿಂದಿರುವುದೂ ಇದೇ ಭಾವ. ಮನೆಯಲ್ಲಿ ಕೈಯಾರೆ ಮಾಡಿದ್ದಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ; ಆದ್ದರಿಂದ ಯಾರೂ ಸಾಲಗಾರರಾಗುವುದಿಲ್ಲ.

ಕೊನೆಯದಾಗಿ, ನಿಶ್ಚಯಿಸಿದ ಮೊತ್ತದಲ್ಲಿ ನಾಲ್ಕನೆಯ ಒಂದು ಭಾಗವಾದರೂ ಮರಳಿಸಲಾಗದವರಿಗೆ ಸಲ್ಲಲಿ. ಔತಣಕ್ಕೆ ಪ್ರತಿಯಾಗಿ ಕರೆಯಬಲ್ಲವರನ್ನಲ್ಲ, ಕರೆಯಲಾಗದವರನ್ನು ಆಹ್ವಾನಿಸಬೇಕೆಂದು ಯೇಸುಸ್ವಾಮಿ ಬೋಧಿಸಿದರು. ಅದು ಗುಟ್ಟಾಗಿ ನಡೆಯಲಿ. ನಾಲ್ಕನೆಯ ಶತಮಾನದಲ್ಲಿ ಮೈರಾದ ಧರ್ಮಾಧ್ಯಕ್ಷರಾಗಿದ್ದ ಸಂತ ನಿಕೋಲಾಸರು, ಹೆಣ್ಣುಮಕ್ಕಳ ಮದುವೆಗೆ ಗತಿಯಿಲ್ಲದ ತಂದೆಯೊಬ್ಬನ ಮನೆಗೆ ರಾತ್ರಿ ವೇಳೆ ಹಣದ ಚೀಲ ಎಸೆದು ಹೋದರೆಂಬ ಕಥೆ ಪ್ರಸಿದ್ಧ. ಕತ್ತಲಲ್ಲಿ ಬಂದದ್ದು ಮುಯ್ಯಿಯನ್ನು ಕೇಳಬಾರದೆಂಬ ಕಾರಣಕ್ಕೆ. ನಮ್ಮ ಹಬ್ಬ ಕಳೆದ ಬಳಿಕ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಮನೆಮನೆಯಿಂದ ಜೋಳದ ರೊಟ್ಟಿ, ಮಾದಲಿ ದಾಸೋಹಕ್ಕೆ ಹರಿದುಬರುತ್ತವೆ. ರಾಶಿ ಬಿದ್ದ ರೊಟ್ಟಿಗಳಲ್ಲಿ ಯಾವುದು ಯಾರ ಮನೆಯದೆಂದು ಯಾರೂ ಕೇಳುವುದಿಲ್ಲ. ಎರಡು ರೊಟ್ಟಿ ಕೊಟ್ಟವಳೂ ಇನ್ನೂರು ಕೊಟ್ಟವಳೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ನೆರೆಯವರ ಈ ಹಿರಿಮೆಯಿಂದ ನಾವು ಕಲಿಯಬೇಕಾದುದಿದೆ.

ಮೊನ್ನೆಯ ಭಾನುವಾರ ಅದೇ ವಿದ್ಯಾರ್ಥಿನಿ ಮತ್ತೆ ಸಿಕ್ಕಳು. ಮೂರು ದಿನ ಹಿಂದೆಮುಂದೆ ನೋಡಿ ಕಡೆಗೂ ತಮ್ಮನಿಗೆ ಫೋನು ಮಾಡಿದಳಂತೆ. “ಈ ವರ್ಷ ನನ್ನ ಕೈಲೆ ಆಗೂದಿಲ್ಲಪ್ಪಾ” ಎಂದಾಗ ಆತ ಕೊಂಚ ಹೊತ್ತು ಸುಮ್ಮನಿದ್ದು, “ಅಕ್ಕಾ, ಹ್ವಾದ ವರ್ಷ ನಾನೂ ಕಂತಿನ ಮ್ಯಾಲೇ ತಂದಿದ್ದೆ. ಮೊನ್ನೆ ಮೊನ್ನೆ ತೀರಿತು. ನೀ ಹೇಳಿದ್ದು ಚೊಲೋ ಆತು” ಎಂದನಂತೆ. ಒಬ್ಬರಿಗೊಬ್ಬರು ತೋರಿದ ಪ್ರೀತಿಯ ಬಡ್ಡಿಯನ್ನು ಅಕ್ಕತಮ್ಮರಿಬ್ಬರೂ ಯಾರೋ ಮೂರನೆಯವರಿಗೆ ಕಟ್ಟುವವರಿದ್ದರು. ಈ ಸಲ ಆತ ಮಕ್ಕಳಿಗೆ ಎರಡು ಪುಸ್ತಕ ತರುತ್ತಾನೆ; ಈಕೆ ತಮ್ಮನಿಗೆ ಇಷ್ಟವಾದ ಶೇಂಗಾ ಹೋಳಿಗೆ ಮಾಡುತ್ತಾಳೆ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ.

ನಿಮ್ಮ ಮನೆಯಲ್ಲಿಯೂ ಇಂಥ ಒಂದು ಮಾತು ಬಾಕಿ ಉಳಿದಿರಬಹುದು. ಹಬ್ಬಕ್ಕೆ ಇನ್ನೂ ಕೆಲವು ದಿನಗಳಿವೆ, ಇಂದೇ ಆಡಿಬಿಡಿರಿ. ಕುರಿಮರಿಯ ಶಕ್ತಿಯಿದ್ದವರು ಕುರಿಮರಿಯನ್ನು ತರಲಿ. ಇಲ್ಲದವರಿಗೆ ಎರಡು ಪಾರಿವಾಳಗಳು ಸಾಕೆಂದು ಗೋದಲಿಯ ಆ ತಂದೆತಾಯಿ ತೋರಿಸಿಕೊಟ್ಟಿದ್ದಾರೆ.